ಮೂರು ಪಾಲಾದ ಹಿಂಡು

ನಮ್ಮ ಮನೆಯ ಬುದ್ಧಿಯೆಲ್ಲ ನನ್ನೊಬ್ಬನ ತಲೆಗೇ ಬಂದು ಸೇರಿದೆ ಎಂದು ಊರಿನವರು ನಂಬಿದ್ದರು. ಊರಿನವರನ್ನು ಅಂದು ಏನು ಫಲ, ನಾನೂ ನಂಬಿದ್ದೆ. ಈಗ ಅದನ್ನೆಲ್ಲ ಬರೆಯಲು ಕೂತರೆ ಮೊದಲು ಬರುವುದು ದಣಿವು. ನಾಚಿಕೆ ಆಮೇಲೆ ಬರುತ್ತದೆ. ಸಿಟ್ಟು ಎಂದೋ ಸವೆದುಹೋಗಿದೆ. ಮೊಮ್ಮಕ್ಕಳಲ್ಲಿ ಯಾರಾದರೂ ಪಾಠ ಒಪ್ಪಿಸಿ ಶಾಬಾಸ್‌ಗಿರಿ ಗಿಟ್ಟಿಸಿಕೊಂಡರೆ, ‘ಮುತ್ಯಾನ ದಿಮಾಗ ಬಂದದ’ ಎಂದು ಮನೆಯವರು ನನ್ನ ಕಡೆ ನೋಡಿ ನಗುತ್ತಾರೆ. ನಾನು ಕಿವಿ ಕೇಳದವನ ಹಾಗೆ ಎದ್ದು ಹೊರಗೆ ಹೋಗಿ ಕೂರುತ್ತೇನೆ. ವಯಸ್ಸಾದವನಿಗೆ ಇದೊಂದು ಅನುಕೂಲ, ಅವನ ಕಿವಿಯ ಬಗ್ಗೆ ಯಾರೂ ತಕರಾರು ಮಾಡುವುದಿಲ್ಲ.

ನಿಜಾಮರ ಆಳ್ವಿಕೆಯ ಕಾಲದ ಮಾತು ಇದು. ಮೊಗುಡಂಪಲ್ಲಿಯ ಆಚೆ ಕೆಂಪು ಕಲ್ಲಿನ ದಿಬ್ಬದ ಮೇಲೆ ನಮ್ಮ ಊರು. ನಾವು ಕುರಿ ಸಾಕುವ ಜನ. ಮಳೆಗಾಲದಲ್ಲಿ ದಿಬ್ಬದ ಮೇಲೆ, ಸುಗ್ಗಿ ಮುಗಿದ ಮೇಲೆ ನಾರಾಯಣಖೇಡದ ಕರಿ ನೆಲದ ಹೊಲಗಳಲ್ಲಿ, ಬೇಸಿಗೆಗೆ ಧಾರೂರಿನ ಕಾಡಂಚು, ಕೆಲವು ವರ್ಷ ತಾಂಡೂರಿನವರೆಗೂ. ವರ್ಷದ ಎಂಟು ತಿಂಗಳು ಕಾಲಿನ ಮೇಲೆಯೇ ಕಳೆಯುತ್ತಿತ್ತು. ಅಣ್ಣತಮ್ಮಂದಿರು ಮೂವರು, ದೊಡ್ಡಣ್ಣ, ಸಣ್ಣಣ್ಣ, ಕೊನೆಗೆ ನಾನು.

ದೊಡ್ಡಣ್ಣ ಶಾಲೆಯ ಒಳಗೆ ಕಾಲಿಟ್ಟವನಲ್ಲ. ಇಪ್ಪತ್ತರ ಮೇಲೆ ಎಣಿಸಲು ಬರುತ್ತಿರಲಿಲ್ಲ. ಇಪ್ಪತ್ತಾದ ಕೂಡಲೇ ಮತ್ತೆ ಒಂದರಿಂದ ಹಿಡಿಯುತ್ತಿದ್ದ, ನಾಲ್ಕನೆಯ ಸಲ ಬರುವಷ್ಟರಲ್ಲಿ ಇದು ಎಷ್ಟನೆಯ ಸಲ ಎಂಬುದೇ ಮರೆತಿರುತ್ತಿತ್ತು. ಆದರೆ ಸಂಜೆ ಕುರಿಗಳು ಹಟ್ಟಿಯ ಬಾಗಿಲಲ್ಲಿ ಒಂದರ ಮೇಲೊಂದು ಬಿದ್ದು ನುಗ್ಗುವಾಗ ಅವನು ಸುಮ್ಮನೆ ಒಂದು ಬದಿಗೆ ನಿಂತಿದ್ದು, ‘ಕುಂಟಿ ಮಗಳು ಬಂದಿಲ್ಲ’ ಎನ್ನುತ್ತಿದ್ದ. ಇನ್ನೊಂದು ಬದಿಗೆ ನಾನು ಬೆರಳು ಮಡಚಿ ಎಣಿಸಿ, ಒಂದು ಕಡಿಮೆ ಎಂದು ಹೇಳುವಷ್ಟರಲ್ಲಿ ಅವನು ಹಳ್ಳದ ದಾರಿ ಹಿಡಿದಿರುತ್ತಿದ್ದ. ಎಷ್ಟು ಕಡಿಮೆ ಎಂಬುದು ನನಗೆ ಗೊತ್ತಾಗುತ್ತಿತ್ತು, ಯಾವುದು ಎಂಬುದು ಗೊತ್ತಾಗುತ್ತಿರಲಿಲ್ಲ. ಅವನಿಗೆ ಯಾವುದು ಎಂಬುದು ಗೊತ್ತು. ಎಷ್ಟು ಎಂಬುದು ಅವನಿಗೆ ಬೇಕೇ ಇರಲಿಲ್ಲ. ಕುರಿಗಳ ತಾಯಿ, ತಾಯಿಯ ತಾಯಿ, ಯಾವ ಕುರಿ ಯಾವ ಕುರಿಯ ಮಗ್ಗುಲಲ್ಲಿ ಮಲಗುತ್ತದೆ, ಯಾವುದು ಯಾವುದನ್ನು ಕಂಡರೆ ದೂರ ಸರಿಯುತ್ತದೆ, ಎಲ್ಲ ಅವನಿಗೆ ತನ್ನ ಬೀಗರ ಸಂಬಂಧಗಳಿದ್ದ ಹಾಗೆ.

ಸಣ್ಣಣ್ಣನಿಗೆ ಕುರಿಯೂ ಅಷ್ಟಕ್ಕಷ್ಟೇ, ಅಕ್ಷರವೂ ಅಷ್ಟಕ್ಕಷ್ಟೇ. ಅವನು ಮನುಷ್ಯರ ಮುಖ ಬಲ್ಲವನು. ಸುಗ್ಗಿ ಮುಗಿದ ಹೊಲದಲ್ಲಿ ಗೊಬ್ಬರಕ್ಕೆಂದು ಹಿಂಡು ಕೂರಿಸುವುದು, ಅದಕ್ಕೆ ಹೊಲದವರು ಜೋಳ ಕೊಡುವುದು ನಮ್ಮ ಕಡೆಯ ರೂಢಿ. ಆ ಮಾತುಕತೆಯೆಲ್ಲ ಅವನದು. ರೆಡ್ಡಿಗಳ ಅಂಗಳದಲ್ಲಿ ತೆಲುಗು, ಸಾಹೇಬರ ಮುಂದೆ ಉರ್ದು, ಲಿಂಗವಂತರ ಕಟ್ಟೆಯ ಮೇಲೆ ಕನ್ನಡ. ಹೊಲದ ಧಣಿ ಬೇಡ ಎಂದರೆ ಅದು ಎಂಥ ಬೇಡ ಎಂಬುದು ಅವನಿಗೆ ಧಣಿಯ ಗಂಟಲಿನಿಂದಲೇ ತಿಳಿಯುತ್ತಿತ್ತು. ಕೆಲವು ಬೇಡಕ್ಕೆ ಎದ್ದು ಬರುತ್ತಿದ್ದ, ಕೆಲವು ಬೇಡಕ್ಕೆ ಇನ್ನೊಂದು ಎಲೆ ಅಡಿಕೆ ಕೇಳಿ ಕಾಲು ಚಾಚಿ ಕೂರುತ್ತಿದ್ದ.

ನನ್ನನ್ನು ಓದಿಸಿದ್ದು ಕಾಗದ ಓದುವುದಕ್ಕೆ. ಕಾಡಿನಲ್ಲಿ ಮೇಯಿಸಲು ಚೀಟಿ ಬೇಕು, ಚೀಟಿ ಉರ್ದುವಿನಲ್ಲಿ ಇರುತ್ತಿತ್ತು. ಮನೆಯಲ್ಲಿ ಒಬ್ಬನಿಗಾದರೂ ಅದು ಬರಲಿ ಎಂದು ಅಪ್ಪ ನನ್ನನ್ನು ಜಹೀರಾಬಾದಿನಲ್ಲಿ ಪರಿಚಯದ ಕಂಬಳಿ ವ್ಯಾಪಾರಿಯ ಪಡಸಾಲೆಯಲ್ಲಿ ಬಿಟ್ಟು ಅಲ್ಲಿನ ಶಾಲೆಗೆ ಹಾಕಿದ. ವಾರಕ್ಕೊಮ್ಮೆ ದೊಡ್ಡಣ್ಣ ರೊಟ್ಟಿಯ ಗಂಟು ಹೊತ್ತು ನಡೆದು ಬರುತ್ತಿದ್ದ. ಗಂಟು ಕೊಟ್ಟು ಹೋಗಬಹುದಿತ್ತು, ಹೋಗುತ್ತಿರಲಿಲ್ಲ. ಶಾಲೆಯ ಗೋಡೆಗೆ ಒರಗಿ ಹೊರಗೆ ಕೂತು, ನಾವು ಗಟ್ಟಿಯಾಗಿ ಹೇಳುವ ಪಾಠ ಮುಗಿಯುವವರೆಗೂ ಕೇಳಿ ಆಮೇಲೆ ಏಳುತ್ತಿದ್ದ. ಅದರಲ್ಲಿ ಒಂದಕ್ಷರವೂ ಅವನಿಗೆ ತಿಳಿಯುತ್ತಿರಲಿಲ್ಲ. ‘ನಮ್ಮ ತಮ್ಮಗ ತಿಳೀಲಾರದ್ದು ಯಾವ್ದೂ ಇಲ್ರಿ’ ಎಂದು ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಿದ್ದ. ನಾನು ಅದನ್ನು ಕೇಳಿ ಕೇಳಿ ದೊಡ್ಡವನಾದೆ. ಅಣ್ಣ ನನ್ನ ಮೇಲೆ ಇಟ್ಟಿದ್ದ ಆ ನಂಬಿಕೆ ನನಗೆ ಊಟದಷ್ಟೇ ಬೇಕಾಗಿತ್ತು ಎಂದು ಈಗ ಅನ್ನಿಸುತ್ತದೆ. ಆಗ ಅದು ಪುಕ್ಕಟೆ ಸಿಗುವ ವಸ್ತು ಎಂದುಕೊಂಡಿದ್ದೆ.

ಮೂವರೂ ಒಟ್ಟಿಗೆ ಇದ್ದಾಗ ಕೆಲಸ ಹೇಗೆ ಸಾಗುತ್ತಿತ್ತು ಎಂದು ಹೇಳಿದರೆ ಮುಂದಿನದು ತಿಳಿದೀತು. ಒಂದು ಬೇಸಿಗೆ ಧಾರೂರಿನ ಹತ್ತಿರ ಕಾಡಿನ ಕಾವಲುಗಾರನೊಬ್ಬ ನಮ್ಮನ್ನು ತಡೆದ. ಚೀಟಿಯಲ್ಲಿ ಬರೆದದ್ದು ಈ ಹಳ್ಳದ ಆಚೆಯ ಕಾಡು ಎಂದ. ನಾನು ಚೀಟಿ ಬಿಡಿಸಿ ಓದಿ ಈಚೆಯದೇ ಎಂದು ತೋರಿಸಿದೆ. ಅವನಿಗೆ ಓದು ಬಾರದು ಎಂಬುದು ನನಗೆ ಹೊಳೆಯಲೇ ಇಲ್ಲ, ಬೆರಳಿಟ್ಟು ಬೆರಳಿಟ್ಟು ತೋರಿಸುತ್ತಲೇ ಇದ್ದೆ, ಅವನ ಮುಖ ಕೆಂಪಾಗುತ್ತಲೇ ಇತ್ತು. ಸಣ್ಣಣ್ಣ ನನ್ನ ಕೈಯಿಂದ ಚೀಟಿ ಕಿತ್ತುಕೊಂಡು ಮಡಚಿ ಜೇಬಿಗಿಟ್ಟ. ‘ಇವ ಹೊಸದಾಗಿ ಓದ್ಯಾನ್ರಿ, ತಪ್ಪ ಓದ್ತಾನ. ನಿಮಗ ಗೊತ್ತಿರದ ಹಳ್ಳ ಯಾವ್ದದ? ನೀವ ಹೇಳ್ರಿ, ಎಲ್ಲಿ ಮೇಸ್ಲಿ?’ ಎಂದು ಕೇಳಿದ. ಕಾವಲುಗಾರ ಗಂಟಲು ಸರಿಮಾಡಿಕೊಂಡು, ಸದ್ಯಕ್ಕೆ ಈಚೆಯೇ ಮೇಯಲಿ ಎಂದು ಅಪ್ಪಣೆ ಕೊಟ್ಟ. ನಾನು ಸರಿಯಾಗಿ ಓದಿದ್ದೆ, ಸಣ್ಣಣ್ಣ ನನಗೆ ಓದು ಬರುವುದಿಲ್ಲ ಎಂದು ಹೇಳಿ ಕೆಲಸ ಮುಗಿಸಿದ್ದ. ಮೂರು ದಿನ ಅವನ ಹತ್ತಿರ ಮಾತು ಬಿಟ್ಟೆ. ಈ ಗಲಾಟೆಯ ನಡುವೆ ದೊಡ್ಡಣ್ಣ ಎಲ್ಲಿದ್ದ ಎಂದರೆ, ಗಬ್ಬದ ಕುರಿಯೊಂದು ನಿಂತ ರೀತಿ ಸರಿಯಿಲ್ಲ ಎಂದು ಅದರ ಹಿಂದೆ ಕೂತಿದ್ದ. ನಾವು ತಿರುಗಿ ನೋಡುವಷ್ಟರಲ್ಲಿ ಅಡ್ಡ ಸಿಕ್ಕಿಕೊಂಡಿದ್ದ ಮರಿಯನ್ನು ಹೊರಗೆ ತೆಗೆದು ಅದರ ಮೂಗು ಒರೆಸುತ್ತಿದ್ದ.

ಅಪ್ಪ ತೀರಿಕೊಂಡ ಮೇಲೆ ಎರಡು ವರ್ಷ ಹೇಗೋ ನಡೆಯಿತು. ಆಮೇಲೆ ಅತ್ತಿಗೆಯರಿಬ್ಬರಿಗೂ ಒಂದು ಒಲೆ ಸಾಲದಾಯಿತು. ಸಣ್ಣಣ್ಣನಿಗೆ ನಾಲ್ಕು ಮಕ್ಕಳು, ದೊಡ್ಡಣ್ಣನಿಗೆ ಇಬ್ಬರು, ನನಗಿನ್ನೂ ಮದುವೆಯಾಗಿರಲಿಲ್ಲ. ಜಗಳ ದೊಡ್ಡದೇನಲ್ಲ, ದಿನಾ ಇತ್ತು ಅಷ್ಟೇ. ಹಿರಿಯರು ಕೂತು ಹಿಂಡು ಪಾಲು ಮಾಡುವುದೆಂದು ತೀರ್ಮಾನಿಸಿದರು.

ನಮ್ಮವರಲ್ಲಿ ಪಾಲಿಗೆ ಒಂದು ಕ್ರಮವಿದೆ. ಹಿರಿಯ ಮಗ ಹಿಂಡನ್ನು ಪಾಲು ಮಾಡಿ ಬೇರೆ ಬೇರೆ ಹಟ್ಟಿಯಲ್ಲಿ ನಿಲ್ಲಿಸಬೇಕು. ಕಿರಿಯವನು ಮೊದಲು ಆರಿಸಿಕೊಳ್ಳಬೇಕು, ಆಮೇಲೆ ನಡುವಿನವನು, ಉಳಿದದ್ದು ಹಿರಿಯನದು. ಪಾಲು ಮಾಡಿದವನಿಗೇ ಕೊನೆಯದು ಎಂದಮೇಲೆ ಮೋಸಕ್ಕೆ ದಾರಿಯಿರುವುದಿಲ್ಲ. ಇನ್ನೂ ಒಂದು ಕಟ್ಟುಪಾಡು ಇತ್ತು. ಪಾಲು ಮಾಡಿದವನ ನಾಲಿಗೆಯ ಮೇಲೆ ದೇವರ ಭಂಡಾರ, ಅಂದರೆ ಅರಿಸಿನ ಪುಡಿ, ಒಂದು ಚಿಟಿಕೆ ಇಡುತ್ತಾರೆ. ಎಲ್ಲರೂ ಆರಿಸಿ ಮುಗಿಸುವವರೆಗೆ ಅವನು ಬಾಯಿ ತೆರೆಯುವಂತಿಲ್ಲ, ಕೈ ತೋರಿಸುವಂತಿಲ್ಲ. ಇಂಥದ್ದನ್ನು ತೆಗೆದುಕೊ ಎಂದು ಅವನೇ ಹೇಳಿ ನನ್ನನ್ನು ಕೆಡಿಸಿದ ಎಂದು ನಾಳೆ ಯಾರೂ ಅನ್ನಬಾರದಲ್ಲ, ಅದಕ್ಕೆ. ಇನ್ನು ತಾಯಿ ಕಿರಿಯ ಮಗನ ಜೊತೆ ಇರುತ್ತಾಳೆ. ಅವ್ವ ನನ್ನ ಪಾಲಿಗೆ ಬಂದಳು. ಅವ್ವ, ನಾನು, ನಾನು ಆರಿಸುವ ಹಿಂಡು. ಇನ್ನು ಮೇಲೆ ನಮ್ಮ ಮನೆ ಎಂದರೆ ಇಷ್ಟೇ, ಹಿಂಡು ಹೋದರೆ ಅವ್ವನ ಅನ್ನ ಹೋಯಿತು.

ಆ ಬೆಳಿಗ್ಗೆ ಮುಳ್ಳಿನ ಮೂರು ಹಟ್ಟಿಗಳಲ್ಲಿ ಮೂರು ಪಾಲು ನಿಂತಿದ್ದವು. ದೊಡ್ಡಣ್ಣ ಕಂಬಳಿ ಹೊದ್ದು, ಭಂಡಾರ ನಾಲಿಗೆಯ ಮೇಲಿಟ್ಟುಕೊಂಡು, ನಮಗೆ ಎದುರಾಗಿ ಕಲ್ಲಿನ ಮೇಲೆ ಕೂತಿದ್ದ. ನಾನು ನೋಟ್‌ಬುಕ್ ಹಿಡಿದು ಹೊರಟೆ. ಒಂದೊಂದು ಕುರಿಯ ಬಾಯಿ ತೆರೆದು ಹಲ್ಲು ನೋಡಿದೆ. ಎರಡು ಹಲ್ಲಿನವು ಎಷ್ಟು, ನಾಲ್ಕು ಹಲ್ಲಿನವು ಎಷ್ಟು, ಹಲ್ಲೆಲ್ಲ ಬಂದು ಬಾಯಿ ಕೂಡಿದವು ಎಷ್ಟು, ಹಲ್ಲು ಸವೆದ ಮುದಿಯವು ಎಷ್ಟು, ಎಲ್ಲ ಉರ್ದು ಅಂಕಿಗಳಲ್ಲಿ ಬರೆದುಕೊಂಡೆ. ಹಿರಿಯರು ತಲೆದೂಗುತ್ತಿದ್ದರು. ಯಾರೂ ಹಾಗೆ ಪಾಲು ಆರಿಸಿದ್ದನ್ನು ಅವರು ಕಂಡಿರಲಿಲ್ಲ. ಅವರು ತಲೆದೂಗುತ್ತಿದ್ದುದು ನನ್ನ ಕಣ್ಣಿನ ಮೂಲೆಗೆ ಚೆನ್ನಾಗಿ ಕಾಣುತ್ತಿತ್ತು, ಅದನ್ನೂ ಹೇಳಿಬಿಡುತ್ತೇನೆ.

ಮೊದಲ ಹಟ್ಟಿಯಲ್ಲಿ ಎಳೆಯವು, ಮೈತುಂಬಿದವು, ಲೆಕ್ಕಕ್ಕೂ ನಾಲ್ಕು ಹೆಚ್ಚು. ಮೂರನೆಯದು ಸಾಧಾರಣ. ನಡುವಿನ ಹಟ್ಟಿಯಲ್ಲಿ ಬಡಕಲು ಕುರಿಗಳು, ಮುದಿಯವೇ ಜಾಸ್ತಿ. ಅವುಗಳ ನಡುವೆ ನಾನು ಸಾಕಿದ ಕುರಿ ನಿಂತಿತ್ತು. ತಾಯಿ ಸತ್ತ ಮರಿ ಅದು, ಚಿಕ್ಕವನಿದ್ದಾಗ ಬಟ್ಟೆಯ ಬತ್ತಿ ಹಾಲಿನಲ್ಲಿ ಅದ್ದಿ ಚೀಪಿಸಿ ಉಳಿಸಿದ್ದೆ, ಒಂದು ಚಳಿಗಾಲ ಪೂರ್ತಿ ನನ್ನ ಕಂಬಳಿಯೊಳಗೇ ಮಲಗಿತ್ತು. ಈಗ ಮುಂದಿನ ಹಲ್ಲು ಎರಡಿಲ್ಲ. ನನ್ನನ್ನು ಕಂಡು ಹತ್ತಿರ ಬಂದು ಅಂಗೈ ಮೂಸಿತು.

ಆಗ ನನ್ನ ಓದಿದ ತಲೆ ಕೆಲಸ ಶುರು ಮಾಡಿತು. ಇಷ್ಟು ಕುರಿಗಳಲ್ಲಿ ಇದನ್ನು ದೊಡ್ಡಣ್ಣ ಈ ಬಡಕಲು ಪಾಲಿಗೇ ಯಾಕೆ ಸೇರಿಸಿದ? ನಾನು ಇದನ್ನು ಬಿಟ್ಟು ಹೋಗಲಾರೆ ಎಂದು ಅವನಿಗೆ ಗೊತ್ತು. ಇದರ ಆಸೆ ತೋರಿಸಿ ಮುದಿ ಕುರಿಗಳನ್ನೆಲ್ಲ ನನ್ನ ಕೊರಳಿಗೆ ಕಟ್ಟುತ್ತಿದ್ದಾನೆ. ಸಣ್ಣಣ್ಣ ಒಂದನ್ನು ಹಿಡಿದರೂ ದೊಡ್ಡಣ್ಣನಿಗೆ ಒಳ್ಳೆಯದೇ ಒಂದು ಉಳಿಯುತ್ತದೆ. ಎಷ್ಟು ಅಚ್ಚುಕಟ್ಟಾದ ಯೋಚನೆ ನೋಡಿ. ಒಂದೊಂದು ಮೆಟ್ಟಿಲೂ ಸರಿಯಾಗಿಯೇ ಇತ್ತು. ವಾರವಾರ ರೊಟ್ಟಿ ಹೊತ್ತು ತಂದ ಮನುಷ್ಯನೇ ಇವನು ಎಂಬುದೊಂದು ಅದರಲ್ಲಿ ಎಲ್ಲೂ ಬರಲಿಲ್ಲ. ಕುರಿಯ ತಲೆ ಪಕ್ಕಕ್ಕೆ ಸರಿಸಿ ಹೊರಗೆ ಬಂದೆ. ಮೊದಲ ಹಟ್ಟಿಯ ಮುಂದೆ ನಿಂತು ಅಲ್ಲಿನ ಮೊದಲ ಕುರಿಯ ಹಣೆಗೆ ಭಂಡಾರ ಹಚ್ಚಿದೆ. ಆರಿಸಿದ್ದಾಯಿತು ಎಂದು ಅದರ ಅರ್ಥ.

ಸಣ್ಣಣ್ಣ ಎದ್ದ. ಅವನು ಯಾವ ಹಟ್ಟಿಯ ಒಳಗೂ ಹೋಗಲಿಲ್ಲ, ಒಂದು ಕುರಿಯನ್ನೂ ಮುಟ್ಟಲಿಲ್ಲ. ನೇರ ನಡುವಿನ ಹಟ್ಟಿಗೆ ಬಂದು ಬಡಕಲು ಪಾಲಿಗೆ ಭಂಡಾರ ಹಚ್ಚಿದ. ಯಾರೋ ಕಿಸಕ್ಕನೆ ನಕ್ಕರು. ನನಗೆ ಪಾಪ ಅನ್ನಿಸಿತು, ನಾಲ್ಕು ಮಕ್ಕಳವನು, ಕುರಿ ತಿಳಿಯದವನು. ದೊಡ್ಡಣ್ಣ ಬಾಯಿಯಲ್ಲಿದ್ದ ಭಂಡಾರ ನುಂಗಿ, ನೀರು ಕುಡಿದು, ಉಳಿದ ಪಾಲನ್ನು ಹೊಡೆದುಕೊಂಡು ಹೊರಟ. ನನ್ನ ಹತ್ತಿರ ಬಂದಾಗ ನನ್ನ ಹೆಗಲ ಮೇಲೆ ಒಂದು ಗಳಿಗೆ ಕೈ ಇಟ್ಟ. ನಾಲಿಗೆಯ ಕಟ್ಟು ಬಿಚ್ಚಿದ ಮೇಲೂ ಮಾತಾಡದಿದ್ದುದು ತನ್ನ ಹೂಟ ಕೆಟ್ಟ ಸಂಕಟಕ್ಕೆ ಎಂದುಕೊಂಡೆ.

ಆ ಮಳೆಗಾಲದಿಂದಲೇ ನನ್ನ ಪಾಡು ಶುರುವಾಯಿತು. ನನ್ನ ಎಳೆಯ, ಮೈತುಂಬಿದ ಕುರಿಗಳು ಬೇರೆ ಬೇರೆ ಸಂತೆಗಳಿಂದ ತಂದು ಸೇರಿಸಿದವು. ಒಂದಕ್ಕೊಂದು ನೆಂಟಲ್ಲ. ಯಾವುದೂ ಮುಂದೆ ನಡೆಯುವ ಕುರಿಯಲ್ಲ. ಮೊಣಕಾಲುದ್ದ ನೀರಿರುವ ಹಳ್ಳದ ದಂಡೆಗೆ ಬಂದರೆ ಎಲ್ಲವೂ ನಿಂತು ಒಂದರ ಮುಖ ಒಂದು ನೋಡುತ್ತಿದ್ದವು. ನಾನೊಂದನ್ನು ಎತ್ತಿ ಆಚೆ ಬಿಟ್ಟು ಬಂದರೆ ಅದು ನನ್ನ ಹಿಂದೆಯೇ ಈಚೆ ಬರುತ್ತಿತ್ತು. ಸಂಜೆಯವರೆಗೂ ಹೀಗೆ ಕುರಿ ಹೊತ್ತು ಹಳ್ಳ ದಾಟಿಸಿದ ದಿನಗಳಿವೆ. ಅಂಥ ದಿನ ಅವ್ವ ರೊಟ್ಟಿ ಮುಂದಿಟ್ಟರೆ ತಿನ್ನುವಷ್ಟು ಶಕ್ತಿಯೂ ಇರುತ್ತಿರಲಿಲ್ಲ.

ನಾಗಲಗಿದ್ದದ ಕಡೆಯ ಕರಿ ನೆಲದಲ್ಲಿದ್ದಾಗ ಮರಿ ಹಾಕುವ ಕಾಲ ಬಂತು. ಚೊಚ್ಚಲ ಕುರಿಗಳು ತಮ್ಮ ಮರಿಯನ್ನು ಒದ್ದು ಓಡುತ್ತಿದ್ದವು. ದೊಡ್ಡಣ್ಣನಿದ್ದರೆ ಮರಿಯ ಮೈಗೆ ಉಪ್ಪು ತಿಕ್ಕಿ, ತಾಯಿಯನ್ನು ತೊಡೆಯ ನಡುವೆ ಅಮುಕಿ ಹಿಡಿದು, ಅದರ ಕಿವಿಯಲ್ಲಿ ಏನೋ ಗೊಣಗಿ ಒಪ್ಪಿಸುತ್ತಿದ್ದ. ಅದನ್ನು ನೂರು ಸಲ ನೋಡಿದ್ದೆ, ಆದರೆ ನನ್ನ ಕೈಗೆ ಅದು ಬರಲಿಲ್ಲ. ನನಗೆ ಹೊಳೆದದ್ದು ಓದಿದವನ ಉಪಾಯ: ತಾಯಿಗೂ ಮರಿಗೂ ಒಂದೇ ಅಂಕಿ, ಕೆಮ್ಮಣ್ಣಿನಲ್ಲಿ ಬೆನ್ನಿನ ಮೇಲೆ ಬರೆದೆ. ಏಳರ ತಾಯಿಗೆ ಏಳರ ಮರಿ. ಎರಡು ದಿನ ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡಿದ್ದೆ. ಮೂರನೆಯ ದಿನ ಹೊತ್ತಲ್ಲದ ಹೊತ್ತಿನ ಮಳೆ ಬಂತು, ಅಂಕಿಗಳೆಲ್ಲ ಕರಗಿ ಹೊಟ್ಟೆಯ ಕೆಳಗೆ ಇಳಿದವು. ಯಾವ ಮರಿ ಯಾವುದರದು ಎಂದು ತಿಳಿಯದೆ ಕೆಸರಿನಲ್ಲಿ ನಿಂತುಬಿಟ್ಟೆ. ಮರಿಗಳು ಕೂಗಿ ಕೂಗಿ ಒಂದೊಂದಾಗಿ ಸುಮ್ಮನಾದವು. ಆಮೇಲೆ ಕರಿ ಕೆಸರಿಗೆ ದೊಡ್ಡವುಗಳ ಗೊರಸು ಕೊಳೆಯತೊಡಗಿತು.

ಅದೇ ದಿನಗಳಲ್ಲಿ ಜಹೀರಾಬಾದಿನ ಸಂತೆಯಲ್ಲಿ ಸಣ್ಣಣ್ಣ ಸಿಕ್ಕ. ಮೈ ಕೈ ತುಂಬಿಕೊಂಡಿದ್ದ. ಹಿಂಡು ಹೇಗಿದೆ ಎಂದು ಕೇಳಿದೆ, ಕೇಳಬಾರದಿತ್ತು.

‘ನಾ ಏನ್ ಮಾಡ್ತೀನೋ? ನಾ ಮಾತಾಡ್ಕೋತ ಹೋಗ್ತೀನಿ, ಅವು ತಾವ ಮೇಯ್ಕೋತ ಬರ್ತಾವ. ಆ ನಿನ್ನ ಹಲ್ಲಿಲ್ಲದ ಮುದುಕಿ ಮುಂದ ನಡೀತದ, ಉಳದಾವೆಲ್ಲಾ ಅದರ ಹಿಂದ. ಎಲ್ಲಾ ಒಂದ ಬಳಗ, ತಾಯಿ ಮಕ್ಕಳು ಮರಿಮಕ್ಕಳು. ಮರಿ ಒಂದೂ ಸಾಯ್ಲಿಲ್ಲ.’

‘ಆ ಪಾಲು ಒಳ್ಳೇದದ ಅಂತ ನಿನಗ ಹ್ಯಾಂಗ ತಿಳೀತು? ನೀ ಕುರಿ ಮುಟ್ಟಿ ಸೈತ ನೋಡ್ಲಿಲ್ಲ.’

ಅವನು ನನ್ನನ್ನು ಕನಿಕರದಿಂದ ನೋಡಿದ. ಆ ನೋಟ ಇನ್ನೂ ಚುಚ್ಚುತ್ತದೆ. ‘ಕುರಿ ನೋಡಾಕ ನನಗೇನ್ ಬರ್ತದ? ನೀ ಕುರಿ ಹಲ್ಲ ನೋಡ್ದಿ, ನಾ ಅಣ್ಣನ ಮಾರಿ ನೋಡ್ದೆ. ನೀ ಆ ಹಟ್ಟಿ ಬಿಟ್ಟು ಹೊರಗ ಬಂದಾಗ ಅವನ ಮಾರಿ ಹ್ಯಾಂಗಾತು ಗೊತ್ತೇನು? ಮನ್ಯಾಗ ಮಂದಿ ಸತ್ತಂಗ ಆತು. ಅದು ನಿನಗಂತ ಮಾಡಿದ್ದ ಪಾಲು. ಬಾಯಿ ಬಿಡಂಗಿಲ್ಲ ಅಂತ ನಿನ್ನ ಕುರಿನ ಗುರ್ತಿಗಿ ಅದರಾಗ ನಿಲ್ಲಿಸಿದ್ದ. ನಿನಗ ಕುರಿ ತಿಳ್ಯಾದಿಲ್ಲ ಅಂತ ಅವಗ ಗೊತ್ತದ, ತಾವ ದಾರಿ ನೋಡ್ಕೊಳ್ಳೋ ತಾಯಿ ಹಿಂಡು ನಿನಗ ಇಟ್ಟಿದ್ದ. ಅವ್ವ ನಿನ್ನ ಕಡಿ ಇರ್ತಾಳ ಅಂತ.’

‘ಮತ್ತ ನನಗ ಹೇಳ್ಲಿಲ್ಲ ಯಾಕ? ನನಗ ಬಿಟ್ಟುಕೊಡ್ಲಿಲ್ಲ ಯಾಕ?’

‘ನಾಕ ಮಕ್ಕಳವ ನಾ,’ ಎಂದು ಹೇಳಿ ಸಂತೆಯೊಳಗೆ ಹೋದ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ.

ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, ‘ನಿಮ್ಮ ಮೂರು ಮಂದೀದು ಸೇರಿ ಒಂದ ತಲಿ ಆಗಿತ್ತು. ಅದನ್ನೂ ಪಾಲು ಮಾಡ್ಕೊಂಡ್ರಿ’ ಎಂದಳು. ಅವಳಿಗೆ ಮೊದಲೇ ಗೊತ್ತಿತ್ತೋ ಏನೋ, ಕೇಳುವ ಧೈರ್ಯವಾಗಲಿಲ್ಲ. ಇನ್ನೊಂದು ಮಳೆಗಾಲ ಕಳೆಯುವಷ್ಟರಲ್ಲಿ ನನ್ನ ಹಿಂಡಿನಲ್ಲಿ ಹನ್ನೊಂದು ಉಳಿದವು. ಅವ್ವನ ಕುತ್ತಿಗೆಯ ಎಲುಬು ಎದ್ದು ಕಾಣುತ್ತಿತ್ತು. ತನಗೆ ಹಸಿವಿಲ್ಲ ಎಂದು ಹೇಳುವುದು ಅವಳಿಗೆ ಅಭ್ಯಾಸವಾಗಿಹೋಗಿತ್ತು. ಒಂದು ದಿನ ಬೆಳಿಗ್ಗೆ ಅವಳೇ, ‘ದೊಡ್ಡಾವನ ಕಡಿ ಹೊಡ್ಕೊಂಡ ಹೋಗು. ಅವ ಬ್ಯಾಡ ಅನ್ನಾಂಗಿಲ್ಲ’ ಎಂದಳು.

ಹೋಗುವುದೆಂದರೆ ಎಲ್ಲವನ್ನೂ ಹೇಳಬೇಕು ಎಂದು ನನಗೆ ನಾನೇ ನಿಶ್ಚಯ ಮಾಡಿಕೊಂಡೆ. ಅವನು ನನ್ನನ್ನು ಬಯ್ಯಲಿ, ನಾನು ಅವನನ್ನು ಮೋಸಗಾರ ಎಂದುಕೊಂಡಿದ್ದೆ ಎಂದು ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ನಿದ್ದೆಯಾದರೂ ಬಂದೀತು. ದಾರಿಯುದ್ದಕ್ಕೂ ಆ ಮಾತುಗಳನ್ನು ಶಾಲೆಯ ಪಾಠದ ಹಾಗೆ ಒಪ್ಪಿಸಿಕೊಳ್ಳುತ್ತಾ ನಡೆದೆ. ಕುರಿಗಳು ಕುಂಟುತ್ತಿದ್ದವು. ನಾರಾಯಣಖೇಡದ ಈಚೆ ಜೋಳದ ಕೂಳೆಯ ಹೊಲದಲ್ಲಿ ಅವನ ಹಿಂಡಿದೆ ಎಂದು ಕೇಳಿದ್ದೆ. ಮಧ್ಯಾಹ್ನ ಅಲ್ಲಿಗೆ ತಲುಪಿದೆ.

ಬೇವಿನ ಮರದಡಿ ಅಣ್ಣನ ಜೊತೆ ಬೇರೆ ಊರಿನ ಕುರಿಗಾರರು ಇಬ್ಬರು ಊಟಕ್ಕೆ ಕೂತಿದ್ದರು. ಅಣ್ಣ ನನ್ನನ್ನು ಕಂಡು ಕೈಯಲ್ಲಿದ್ದ ರೊಟ್ಟಿ ಬಿಟ್ಟು ಎದ್ದ. ನನ್ನ ಕುರಿಗಳ ಕಾಲು ಒಂದೊಂದಾಗಿ ನೋಡಿದ. ಹಿಂಡು ಎಲ್ಲಿ ಎಂದು ಕೇಳಲಿಲ್ಲ. ನನ್ನ ಮುಖ ತೊಳೆಯಲು ನೀರು ಕೊಟ್ಟು, ಪಕ್ಕಕ್ಕೆ ಕೂರಿಸಿಕೊಂಡು, ಆ ಇಬ್ಬರ ಕಡೆ ತಿರುಗಿ ಹೇಳಿದ:

‘ನಾ ಹೇಳ್ತಿದ್ನಲ್ಲ, ಇವನ ನನ್ನ ತಮ್ಮ.’

ಅವರಲ್ಲಿ ಹಿರಿಯನಾದವನು ನನ್ನನ್ನು ನೋಡಿ ಕೈ ಮುಗಿದ. ನನಗಿಂತ ಇಪ್ಪತ್ತು ವರ್ಷ ದೊಡ್ಡವನು. ‘ನಿಮ್ಮ ಮಾತು ತಾಂಡೂರ ತನಕ ಹೋಗ್ಯಾದ್ರಿ,’ ಎಂದ. ‘ಒಳ್ಳೇ ಪಾಲು ಕಣ್ಣ ಮುಂದ ಇದ್ರೂ ಮಕ್ಕಳುಳ್ಳ ಅಣ್ಣಗ ಬಿಟ್ಟು, ಕೆಟ್ಟದ್ದು ತಗೊಂಡ್ರಂತ. ನಮ್ಮಾಗ ಯಾರ ಮಾಡ್ಯಾರ್ರಿ ಹಂಗ?’

ನನಗೆ ಮೊದಲು ತಿಳಿಯಲಿಲ್ಲ. ಅಣ್ಣನ ಮುಖ ನೋಡಿದೆ. ಅದು ಶಾಲೆಯ ಗೋಡೆಗೆ ಒರಗಿ ಕೂತಿರುತ್ತಿದ್ದ ಮುಖ. ‘ನನಗೂ ಮೊದಲ ತಿಳೀಲಿಲ್ಲ ನೋಡ್ರಿ,’ ಎಂದು ಅವನು ಅವರಿಗೆ ಹೇಳುತ್ತಿದ್ದ. ‘ಅವನ ಕುರಿ ಅಲ್ಲೇ ಅದ, ನೋಡಿದ, ಅದರ ತಲಿ ಸರಿಸಿ ಹೊರಗ ಬಂದ. ನನ್ನ ಎದಿ ಧಸಕ್ ಅಂತು. ಆಮ್ಯಾಲ ವಿಚಾರ ಮಾಡ್ದೆ. ಇಷ್ಟು ಓದಿದಾವ್ಗ ಅಷ್ಟು ತಿಳೀದೇನು? ತಿಳದೇ ಬಿಟ್ಟಾನ. ಸಣ್ಣಾವನ ಮಕ್ಕಳ ಸಲುವಾಗಿ ಬಿಟ್ಟಾನ. ನಾ ಕುರಿಯೊಳಗ ಹುಟ್ಟಿ ಕುರಿಯೊಳಗ ಮುದುಕ ಆಗ್ಲಿಕತ್ತೀನಿ, ನನಗ ಹಂಗ ಬಿಡಾಕ ಆಗ್ತಿರ್ಲಿಲ್ಲ.’

ಅವರಿಬ್ಬರೂ ಊಟ ಮುಗಿಸಿ ತಮ್ಮ ಹಿಂಡಿನ ಕಡೆ ಹೋದರು. ಮರದಡಿ ನಾವಿಬ್ಬರೇ ಉಳಿದೆವು. ಅಣ್ಣ ನನ್ನ ಮುಂದೆ ರೊಟ್ಟಿ ಇಟ್ಟ, ಮೇಲೆ ಚಟ್ನಿ ಹಾಕಿದ. ತಿಂದು ಸುಮ್ಮನಿದ್ದರೆ ಆಗುತ್ತಿತ್ತು. ಸಣ್ಣಣ್ಣ ಆ ಜಾಗದಲ್ಲಿದ್ದರೆ ಅಣ್ಣನ ಮುಖ ಒಂದು ಸಲ ನೋಡಿ ಸುಮ್ಮನಿರುತ್ತಿದ್ದ. ದೊಡ್ಡಣ್ಣನೇ ಆಗಿದ್ದರೂ ಸುಮ್ಮನಿರುತ್ತಿದ್ದ, ಅವನಿಗೆ ಸುಮ್ಮನಿರುವುದು ಬರುತ್ತಿತ್ತು. ಸತ್ಯ ಹೇಳುವುದು ಒಳ್ಳೆಯದು ಎಂದು ಪಾಠ ಕಲಿತಿದ್ದವನು ನಾನೊಬ್ಬನೇ. ಅದೂ ಅಲ್ಲ. ನಿಜ ಹೇಳಬೇಕೆಂದರೆ, ದಾರಿಯುದ್ದಕ್ಕೂ ಹೊತ್ತು ತಂದಿದ್ದ ಭಾರ ಇಳಿಸಿ ಹಗುರಾಗಬೇಕಿತ್ತು ನನಗೆ, ಅದು ಯಾರ ತಲೆಯ ಮೇಲೆ ಬೀಳುತ್ತದೆ ಎಂದು ನೋಡಲಿಲ್ಲ.

‘ಅಣ್ಣಾ, ನಾ ತಿಳದು ಬಿಡ್ಲಿಲ್ಲ,’ ಎಂದೆ. ‘ನೀ ನನಗ ಮೋಸ ಮಾಡ್ಲಿಕತ್ತಿ ಅನ್ಕೊಂಡೆ. ನನ್ನ ಕುರಿ ತೋರ್ಸಿ ಕೆಟ್ಟ ಪಾಲು ನನಗ ಕಟ್ಟಾಕ ನೋಡ್ಲಿಕತ್ಯಾನ ಅನ್ಕೊಂಡೆ. ಅದಕ್ಕ ಆ ಹಟ್ಟಿ ಬಿಟ್ಟೆ.’

ಅವನು ಬೆರಳಿಗೆ ಅಂಟಿದ್ದ ಚಟ್ನಿಯನ್ನು ನೋಡುತ್ತಾ ಕೂತ. ಹೊಲದಲ್ಲಿ ಅವನ ಹಿಂಡು ಕೂಳೆ ಮುರಿಯುವ ಸದ್ದು ಕೇಳುತ್ತಿತ್ತು. ಬಯ್ಯುತ್ತಾನೆ ಎಂದು ಕಾದೆ, ಬಯ್ಯಲಿಲ್ಲ.

‘ಊರೂರಿಗಿ ಹೇಳೀನಲ್ಲೋ ತಮ್ಮಾ,’ ಎಂದ ಕೊನೆಗೆ. ‘ಈಗ ಅವರಿಗೆಲ್ಲ ಏನಂತ ಹೇಳ್ಲಿ?’

ಅವನು ಕೈ ತೊಳೆದುಕೊಂಡು ಎದ್ದ. ಬೇಲಿಯ ಮುಳ್ಳು ಸರಿಸಿ, ನನ್ನ ಹನ್ನೊಂದು ಕುರಿಗಳನ್ನು ಒಂದೊಂದಾಗಿ ತೊಡೆ ತಟ್ಟಿ ಒಳಗೆ ಬಿಟ್ಟ. ಕುಂಟುತ್ತಿದ್ದ ಒಂದನ್ನು ಎತ್ತಿಕೊಂಡು ಅದರ ಗೊರಸು ಕೆರೆಯಲು ಕೂತ. ನಾನು ಮರದಡಿಯೇ ನಿಂತಿದ್ದೆ.

‘ನಾಳಿಗಿ ಅವ್ವನ್ನ ಇಲ್ಲಿಗಿ ಕರ್ಕೊಂಡ ಬಾ,’ ಎಂದ,‌ ನನ್ನ ಕಡೆ ನೋಡದೆ. ‘ಇನ್ನ ಮ್ಯಾಲ ಆಕಿ ನನ್ನ ಕಡಿನೇ ಇರ್ಲಿ.’